ರಾಗಿ-ಬಾಳೆಹಣ್ಣಿನ ಸ್ಮೂದಿಯಲ್ಲಿ ಪ್ರೋಟೀನ್ ಭರಪೂರ ಇದೆಯೇ?

ರಾಗಿ, ಬಾಳೆಹಣ್ಣು, ಜೇನು ಹಾಕಿದ ಸ್ಮೂದಿಯಲ್ಲಿ ಪ್ರೋಟೀನ್ ಭರಪೂರ, ತೂಕವೂ ಇಳಿಯುತ್ತದೆ ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ನಾವು ಲೆಕ್ಕ ಹಾಕಿದೆವು. ರಾಗಿಯ ಹೆಚ್ಚುಗಾರಿಕೆ ಕ್ಯಾಲ್ಸಿಯಂ. ಪ್ರೋಟೀನ್ 100 ಗ್ರಾಂಗೆ ಸುಮಾರು 7 ಗ್ರಾಂ ಮಾತ್ರ. ಒಂದು ಬಾಳೆಹಣ್ಣಿನಲ್ಲಿ ಒಂದು ಗ್ರಾಂನಷ್ಟು. ಜೇನು ಹೆಚ್ಚುಕಡಿಮೆ ಸಕ್ಕರೆಯೇ, ಟೀ ಚಮಚಕ್ಕೆ 20 ಕ್ಯಾಲೊರಿ.

ಜೋಯಿಡಾ ತಾಲ್ಲೂಕಿನ ಕುಂಬಾರವಾಡದಂಥ ಊರಲ್ಲಿ ಪ್ರೋಟೀನ್ ಡಬ್ಬಿ ಹುಡುಕಬೇಕಿಲ್ಲ. ಮೊಸರು, ಹುರಿಗಡಲೆ (ಪುಟಾಣಿ) ಸಾಕು. ಕೆನೆ ತೆಗೆದ ಹಾಲಿನ ಮೊಸರು 200 ಗ್ರಾಂ, ಹುರಿಗಡಲೆ ಪುಡಿ 30 ಗ್ರಾಂ, ನೀರು, ಉಪ್ಪು, ಜೀರಿಗೆ ಸೇರಿಸಿ ಮಿಕ್ಸಿ ತಿರುಗಿಸಿ. ಕರೆಂಟ್ ಹೋಗಿದ್ದರೆ ಕಡೆಗೋಲೇ ಆದೀತು. ಸುಮಾರು 12 ಗ್ರಾಂ ಪ್ರೋಟೀನ್, 200ರ ಆಸುಪಾಸು ಕ್ಯಾಲೊರಿ. 60 ಕೆ.ಜಿ. ತೂಕದ ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಸುಮಾರು 50 ಗ್ರಾಂ.

ಹುರುಳಿ ಹಾಕುವುದಾದರೆ ಬೇಯಿಸಿಯೇ ಹಾಕಿ. ಹಸಿಯಾಗಿ ರುಬ್ಬಿದರೆ ಹೊಟ್ಟೆ ಕೆಡಬಹುದು. ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.