ಆದಿಲ್‌ಶಾಹಿಯ ಉತ್ಕರ್ಷ ಮತ್ತು ಅವಸಾನ

ರಾಜ್ಯವನ್ನು ಕಟ್ಟುವುದಕ್ಕೆ ಖಡ್ಗಬಲ ಸಾಕಾಗಬಹುದು. ಅದನ್ನು ಉಳಿಸಿಕೊಳ್ಳುವುದಕ್ಕೆ ಖಡ್ಗವೊಂದೇ ಸಾಲದು. ರಷ್ಯಾ ದೇಶದ ಝಾರ್ ದೊರೆಗಳ ಚರಿತ್ರೆಯನ್ನು ಓದಿದವರಿಗೆ ಈ ಮಾತಿನ ಸತ್ಯ ಮನವರಿಕೆಯಾಗದಿರದು. 1613ರಲ್ಲಿ ಪಟ್ಟಕ್ಕೆ ಬಂದ ರೊಮಾನೊವ್ ವಂಶವು ಮೂರು ಶತಮಾನಗಳ ಕಾಲ ಭೂಮಂಡಲದ ಅತಿ ವಿಶಾಲ ರಾಜ್ಯಗಳಲ್ಲೊಂದನ್ನು ಆಳಿತು. ಅಂತಹ ಸಿಂಹಾಸನ 1917ರ ಮಾರ್ಚ್ ತಿಂಗಳಲ್ಲಿ ಕೆಲವೇ ದಿನಗಳೊಳಗೆ ಉರುಳಿಹೋಯಿತು. ಇದನ್ನು ಓದಿ ಬೆರಗಾಗುವ ನಾವು, ಇದಕ್ಕಿಂತ ಎರಡು ಶತಮಾನಗಳಿಗೂ ಹಿಂದೆ ನಮ್ಮ ವಿಜಯಪುರದ ನೆಲದಲ್ಲಿಯೇ ಇಂತಹುದೊಂದು ಅವಸಾನ ನಡೆದುದನ್ನು ಅಷ್ಟಾಗಿ ವಿಚಾರಿಸುವುದಿಲ್ಲ. ಗುಮ್ಮಟವನ್ನು ನೋಡುತ್ತೇವೆ, ಅದನ್ನು ಕಟ್ಟಿಸಿದ ಮನೆತನ ಏಕೆ ಅಳಿಯಿತೆಂದು ಕೇಳುವುದಿಲ್ಲ.

ಬಹಮನಿ ರಾಜ್ಯ ಶಿಥಿಲವಾದಾಗ, ಅದರ ಪ್ರಾಂತಾಧಿಕಾರಿಯಾಗಿದ್ದ ಯೂಸುಫ್ ಆದಿಲ್‌ಶಹನು 1490ರ ಸುಮಾರಿಗೆ ಇಲ್ಲಿ ಸ್ವತಂತ್ರನಾದನು. ಅವನಿಂದ ಮೊದಲ್ಗೊಂಡು ಒಂಬತ್ತು ಮಂದಿ ಸುಲ್ತಾನರು ಸುಮಾರು ಎರಡು ನೂರು ವರ್ಷ ಆಳಿದರು. ಒಂದನೆಯ ಅಲಿ ಆದಿಲ್‌ಶಹನ ಕಾಲದಲ್ಲಿ, 1565ರಲ್ಲಿ, ದಕ್ಷಿಣದ ಸುಲ್ತಾನರು ಒಂದುಗೂಡಿ ವಿಜಯನಗರದ ಸೈನ್ಯವನ್ನು ಸೋಲಿಸಿದರು. ಆ ಗೆಲುವಿನಿಂದ ಬಂದ ಸಂಪತ್ತು ಈ ನಗರದ ವೈಭವಕ್ಕೆ ಒದಗಿತು. ಸುಮಾರು ಹತ್ತು ಕಿಲೋಮೀಟರ್ ಸುತ್ತಳತೆಯ, 96 ಬುರುಜುಗಳ ಕೋಟೆಗೋಡೆ ಪೂರ್ಣಗೊಂಡುದು ಅವನ ಆಳ್ವಿಕೆಯಲ್ಲಿಯೇ.

ಈ ವಂಶದ ಉಚ್ಛ್ರಾಯ ಕಾಲವೆಂದರೆ ಎರಡನೆಯ ಇಬ್ರಾಹಿಮನ ಕಾಲ. 1580ರಲ್ಲಿ ಒಂಬತ್ತು ವರ್ಷದ ಬಾಲಕನಾಗಿ ಪಟ್ಟವೇರಿದ ಈತ 1627ರವರೆಗೆ ಆಳಿದನು. ಸಂಗೀತದಲ್ಲಿ ಮಗ್ನನಾಗಿ ‘ಕಿತಾಬ್-ಎ-ನವರಸ’ವನ್ನು ರಚಿಸಿದ, ಸರಸ್ವತಿಯನ್ನೂ ಗಣಪತಿಯನ್ನೂ ಭಕ್ತಿಯಿಂದ ಸ್ಮರಿಸಿದ, ಜನರಿಂದ ‘ಜಗದ್ಗುರು’ ಎನಿಸಿಕೊಂಡ. ಅವನ ಅರಸಿಯ ಹೆಸರಿನಲ್ಲಿ 1620ರಲ್ಲಿ ತಾಜ್ ಬಾವಡಿಯಾಯಿತು. ಅವನ ಮಗ ಮಹಮ್ಮದನ ಕಾಲದಲ್ಲಿ, 1651ರಲ್ಲಿ, ಬೇಗಂ ತಲಾಬ ನಿರ್ಮಾಣವಾಗಿ ಮಣ್ಣಿನ ಕೊಳವೆಗಳ ಮೂಲಕ ಊರಿಗೆ ನೀರು ಹರಿಯಿತು. ಮಳೆ ಅಪರೂಪವಾದ ಈ ಬರದ ಸೀಮೆಯಲ್ಲಿ ನೀರು ಕೊಟ್ಟ ದೊರೆಯನ್ನು ಪ್ರಜೆಗಳು ಮರೆಯುವರೆ? 44 ಮೀಟರ್ ಹೊರವ್ಯಾಸದ ಗೋಲಗುಮ್ಮಟಕ್ಕಿಂತ ಈ ಕೆರೆ ಬಾವಿಗಳೇ ಆ ಸಿಂಹಾಸನಕ್ಕೆ ಹೆಚ್ಚಿನ ಆಧಾರವಾಗಿದ್ದವೆಂದು ಹೇಳಿದರೆ ತಪ್ಪಾಗಲಾರದು.

ಆದರೆ ಇಷ್ಟೆಲ್ಲ ವೈಭವದ ಮಧ್ಯೆ ದೋಷವೊಂದು ಮೊದಲಿನಿಂದಲೂ ಅಡಗಿದ್ದಿತು. ರಾಜ್ಯದ ಸಮಸ್ತ ಭಾರವೂ ಒಬ್ಬ ವ್ಯಕ್ತಿಯ ಮೇಲೆ ನಿಂತಿತ್ತು. ಆ ವ್ಯಕ್ತಿ ಬಾಲಕನಾದಾಗ ಅಥವಾ ರೋಗಿಯಾದಾಗ ಭಾರವನ್ನು ಹೊರಲು ಬೇರೊಂದು ವ್ಯವಸ್ಥೆ ಇರಲಿಲ್ಲ. ಇಬ್ರಾಹಿಮನ ಬಾಲ್ಯದಲ್ಲಿಯೇ ಇದರ ಮುನ್ಸೂಚನೆ ದೊರೆತಿತ್ತು. ಆಗ ರಾಜಪ್ರತಿನಿಧಿಗಳು ಒಬ್ಬರನ್ನೊಬ್ಬರು ಕೆಡವಿದರು. ಧೀರಳಾದ ಚಾಂದಬೀಬಿಯನ್ನೇ ಸಾತಾರಾ ಕೋಟೆಯಲ್ಲಿ ಸೆರೆಯಿಟ್ಟರು. ಇಬ್ರಾಹಿಮನು ಪ್ರಬುದ್ಧನಾಗಿ 1590ರಲ್ಲಿ ಅಧಿಕಾರವನ್ನು ತನ್ನ ಕೈಗೆ ತೆಗೆದುಕೊಂಡುದರಿಂದ ಅಂದು ಗಂಡಾಂತರ ಕಳೆಯಿತು. ಆದರೆ ಅದರಿಂದ ಯಾರೂ ಪಾಠ ಕಲಿಯಲಿಲ್ಲ.

1636ರಲ್ಲಿ ಮಹಮ್ಮದನು ಮೊಗಲರ ಸಾರ್ವಭೌಮತ್ವವನ್ನು ಒಪ್ಪಿ ಕಪ್ಪ ಕೊಡಬೇಕಾಯಿತು. ಅವನು 1656ರಲ್ಲಿ ತೀರಿಕೊಂಡ ಮರುವರ್ಷವೇ ಬೀದರ, ಕಲ್ಯಾಣ ಕೋಟೆಗಳು ಕೈಬಿಟ್ಟವು. ಪಶ್ಚಿಮದಲ್ಲಿ ಶಿವಾಜಿಯ ಬಲ ದಿನೇ ದಿನೇ ಹೆಚ್ಚಿತು. ಎರಡನೆಯ ಅಲಿಯು ತನ್ನ ಸಮಾಧಿಗಾಗಿ ಆರಂಭಿಸಿದ ಬಾರಾಕಮಾನು ಅಪೂರ್ಣವಾಗಿಯೇ ನಿಂತಿತು. 1672ರಲ್ಲಿ ಅವನು ತೀರಿಕೊಂಡಾಗ ಗದ್ದುಗೆಗೆ ಬಂದವನು ನಾಲ್ಕು ವರ್ಷದ ಕೂಸು, ಸಿಕಂದರ.

ಈ ಕೂಸಿನ ಹೆಸರಿನಲ್ಲಿ ಯಾರು ಆಳಬೇಕೆಂಬ ವಿವಾದವೇ ಮುಂದಿನ ಹದಿನಾಲ್ಕು ವರ್ಷಗಳ ಇತಿಹಾಸ. ಮೊದಲು ಹಬಸಿ ಸರದಾರ ಖವಾಸಖಾನ. ಅವನನ್ನು ಸೆರೆಹಿಡಿದು ಕೊಲ್ಲಿಸಿದ ಅಫಘಾನ ಮುಖಂಡ ಬಹಲೋಲಖಾನ. ಅವನ ತರುವಾಯ ಸಿದ್ದಿ ಮಸೂದ. ಹಬಸಿಗಳೂ ಅಫಘಾನರೂ ಪರಸ್ಪರ ವೈರಿಗಳಾದರು. ಬೊಕ್ಕಸ ಬರಿದಾಗಿ, ಸಂಬಳ ಕಾಣದ ಸೈನಿಕರು ಕಾಯಬೇಕಾದ ಪ್ರಜೆಗಳನ್ನೇ ಪೀಡಿಸಿದರು. ಬೇಸತ್ತ ಸಿದ್ದಿ ಮಸೂದನು 1683ರಲ್ಲಿ ಅಧಿಕಾರವನ್ನು ತ್ಯಜಿಸಿ ತನ್ನ ಆದವಾನಿ ಕೋಟೆಯನ್ನು ಸೇರಿಕೊಂಡನು.

1685ರ ಏಪ್ರಿಲ್‌ನಲ್ಲಿ ಮೊಗಲ ಸೈನ್ಯ ನಗರವನ್ನು ಮುತ್ತಿತು. ಮುತ್ತಿದವರಿಗೂ ಅನ್ನವಿಲ್ಲದ ಬರಗಾಲ ಅದು. ಶಹಜಾದೆ ಆಜಮನ ಪಾಳೆಯಕ್ಕೆ ಫಿರೋಜ್‌ಜಂಗನು ಧಾನ್ಯ ತಂದು ಜೀವ ಉಳಿಸಿದ, ಕೋಟೆಯೊಳಗಿನವರಿಗೆ ತಂದುಕೊಡುವವರಿರಲಿಲ್ಲ. ಒಂದೇ ಧರ್ಮದವರ ಮೇಲೆ ಯುದ್ಧವೇಕೆಂದು ನಗರದ ಮೌಲವಿಗಳು ಔರಂಗಜೇಬನನ್ನು ಕೇಳಿದರೆಂದು ಇತಿಹಾಸಕಾರರು ಬರೆದಿದ್ದಾರೆ. ರಾಜ್ಯದಾಹದ ಮುಂದೆ ಆ ಮೊರೆ ನಡೆಯಲಿಲ್ಲ. 1686ರ ಜುಲೈನಲ್ಲಿ ಚಕ್ರವರ್ತಿಯೇ ಪಾಳೆಯಕ್ಕೆ ಬಂದ. ಸೆಪ್ಟೆಂಬರ್ 12ರಂದು ಹದಿನೆಂಟರ ಹರೆಯದ ಸಿಕಂದರನು ಕೋಟೆಯನ್ನು ಒಪ್ಪಿಸಿದನು. ಮುಂದೆ ಸೆರೆಯಲ್ಲಿಯೇ ದಿನ ಕಳೆದು 1700ರಲ್ಲಿ ಕಣ್ಣು ಮುಚ್ಚಿದನು. ಪೂರ್ವಜರ ಭವ್ಯ ಗುಮ್ಮಟಗಳಿರುವ ಇದೇ ನಗರದಲ್ಲಿ ಅವನದು ಆಡಂಬರವಿಲ್ಲದ ಒಂದು ಸಮಾಧಿ.

ಈಗ ರಷ್ಯಾದ ಕಡೆ ದೃಷ್ಟಿ ಹಾಯಿಸೋಣ. 1894ರಲ್ಲಿ ಪಟ್ಟಕ್ಕೆ ಬಂದ ಎರಡನೆಯ ನಿಕೊಲಾಸನು ಬಾಲಕನಲ್ಲ. ಆದರೆ ಅಧಿಕಾರವನ್ನು ಯಾರೊಡನೆಯೂ ಹಂಚಿಕೊಳ್ಳಲು ಒಪ್ಪದವನು. 1905ರ ಜನವರಿಯಲ್ಲಿ ಅಹವಾಲು ಹಿಡಿದು ಅರಮನೆಯತ್ತ ಬಂದ ಕಾರ್ಮಿಕರ ಮೇಲೆ ಸೈನಿಕರು ಗುಂಡು ಹಾರಿಸಿದರು. ಬಳಿಕ ನಿರುಪಾಯನಾಗಿ ‘ಡುಮಾ’ ಎಂಬ ಜನಪ್ರತಿನಿಧಿ ಸಭೆಯನ್ನು ಕರೆದನಾದರೂ 1906ರಲ್ಲಿ ಒಮ್ಮೆ, 1907ರಲ್ಲಿ ಇನ್ನೊಮ್ಮೆ ಅದನ್ನು ವಿಸರ್ಜಿಸಿದನು. 1915ರಲ್ಲಿ ಮಹಾಯುದ್ಧದ ಸೇನಾಧಿಪತ್ಯವನ್ನು ತಾನೇ ವಹಿಸಿಕೊಂಡು ಸೋಲಿನ ಹೊಣೆಯನ್ನೂ ತಲೆಯ ಮೇಲೆ ಎಳೆದುಕೊಂಡನು. 1917ರ ಮಾರ್ಚ್‌ನಲ್ಲಿ ರಾಜಧಾನಿಯ ಹೆಂಗಸರು ರೊಟ್ಟಿಗಾಗಿ ಬೀದಿಗಿಳಿದರು. ಅವರನ್ನು ತಡೆಯಬೇಕಾದ ಸೈನಿಕರೂ ಜನರ ಪಕ್ಷ ವಹಿಸಿದರು. ಮಾರ್ಚ್ 15ರಂದು ಝಾರನು ಪಟ್ಟ ತ್ಯಜಿಸಿದನು. ಮರುವರ್ಷದ ಜುಲೈನಲ್ಲಿ ಕುಟುಂಬಸಮೇತ ಕೊಲೆಯಾದನು.

ಇವೆರಡರಲ್ಲಿ ಭೇದವಿಲ್ಲದಿಲ್ಲ. ಒಂದನ್ನು ಹೊರಗಿನ ಚಕ್ರವರ್ತಿ ನುಂಗಿದ. ಇನ್ನೊಂದನ್ನು ಒಳಗಿನ ಪ್ರಜೆಗಳೇ ಇಳಿಸಿದರು. ಆದರೂ ಕೊನೆಯ ಗಳಿಗೆಯಲ್ಲಿ ಎರಡೂ ಸಿಂಹಾಸನಗಳ ಸ್ಥಿತಿ ಒಂದೇ. ಅವನ್ನು ಉಳಿಸಿಕೊಳ್ಳಬೇಕೆಂಬ ಆಸ್ಥೆ ಉಳ್ಳವರು ಉಳಿದಿರಲಿಲ್ಲ. ವಿಜಯಪುರದ ಸರದಾರರಿಗೆ ರಾಜ್ಯಕ್ಕಿಂತ ಪಕ್ಷ ದೊಡ್ಡದಾಯಿತು. ನಿಕೊಲಾಸನಿಗೆ ಪ್ರಜೆಗಳಿಗಿಂತ ತನ್ನ ಪರಮಾಧಿಕಾರ ದೊಡ್ಡದಾಯಿತು. ಹಸಿವು ಬಂದಾಗ ಎರಡೂ ಕಡೆ ಕೋಟೆಯಾಗಲಿ ಸೈನ್ಯವಾಗಲಿ ಕಾಯಲಿಲ್ಲ.

ಅರಸರ ಕಾಲ ಮುಗಿದಿದೆಯೆಂದು ನಾವು ಈ ಕಥೆಯನ್ನು ಬದಿಗಿಡುವಂತಿಲ್ಲ. ಒಂದು ಮನೆತನವಾಗಲಿ, ಒಂದು ಸಂಸ್ಥೆಯಾಗಲಿ, ಮುಂದಿನವರನ್ನು ಕಾಲಕ್ಕೆ ಮುನ್ನ ಸಿದ್ಧಗೊಳಿಸದೆ, ಕೇಳುವವರ ಮಾತಿಗೆ ಕಿವಿಗೊಡದೆ ಬಹುಕಾಲ ಬಾಳಲಾರದು. ತಾಜ್ ಬಾವಡಿಯ ಮೆಟ್ಟಿಲ ಮೇಲೆ ನಿಂತ ಭಕ್ತಬಾಂಧವರು ಒಂದು ಕ್ಷಣ ಇದನ್ನು ಚಿಂತಿಸಿದರೆ, ಆ ಹಳೆಯ ಕಲ್ಲುಗಳನ್ನು ನೋಡಿದುದು ಸಾರ್ಥಕವಾದೀತು.