ವಸತಿ ಸಮುಚ್ಚಯದಲ್ಲಿ ಮನೆ ಬಾಡಿಗೆಗೆ ಪಡೆಯುವವರಿಗೆ ಮಾಹಿತಿ

ಮಾಲೀಕರ ಸಂಘವಿರುವ ವಸತಿ ಸಮುಚ್ಚಯಗಳಲ್ಲಿ ಮನೆಯನ್ನು ಬಾಡಿಗೆಗೆ ಪಡೆಯುವ ಸಾರ್ವಜನಿಕರು ಕರಾರಿಗೆ ಸಹಿ ಮಾಡುವ ಮುನ್ನ ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

1. ಕರಾರು ಯಾರೊಡನೆ?
ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಅಧಿನಿಯಮ, 1972ರ ಅಡಿಯಲ್ಲಿ ರಚಿತವಾದ ಸಂಘವು ಸಮುಚ್ಚಯದ ಆಡಳಿತವನ್ನು ನೋಡಿಕೊಳ್ಳುತ್ತದೆ. ಬಾಡಿಗೆ ಕರಾರು ಮಾತ್ರ ಮನೆಯ ಮಾಲೀಕರೊಡನೆ ಆಗತಕ್ಕದ್ದು. ಆದಾಗ್ಯೂ ಸಂಘದ ಉಪವಿಧಿಗಳು ಬಾಡಿಗೆದಾರರಿಗೂ ಅನ್ವಯಿಸುವುದರಿಂದ ಅವುಗಳ ಪ್ರತಿಯನ್ನು ಮೊದಲೇ ಪಡೆದು ಓದಿಕೊಳ್ಳುವುದು ಸೂಕ್ತ.

2. ನಿರ್ವಹಣಾ ವೆಚ್ಚ
ಸಂಘಕ್ಕೆ ಈ ವೆಚ್ಚವನ್ನು ಪಾವತಿಸುವ ಹೊಣೆ ಮಾಲೀಕರದು. ಅದನ್ನು ಬಾಡಿಗೆದಾರರೇ ಭರಿಸುವುದಾದಲ್ಲಿ ಮೊತ್ತವನ್ನು ಕರಾರಿನಲ್ಲಿ ನಮೂದಿಸಬೇಕು. ಹಿಂದಿನ ಬಾಕಿ ಇಲ್ಲವೆಂಬ ಬಗ್ಗೆ ಸಂಘದ ಪತ್ರವನ್ನು ಮಾಲೀಕರಿಂದ ಕೇಳಿ ಪಡೆಯಬಹುದು.

3. ನೋಂದಣಿ
ನೋಂದಣಿ ಅಧಿನಿಯಮ, 1908ರ ಪ್ರಕಾರ ಒಂದು ವರ್ಷಕ್ಕೂ ಮೀರಿದ ಅವಧಿಯ ಗುತ್ತಿಗೆಯನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸುವುದು ಕಡ್ಡಾಯ. ರೂಢಿಯಲ್ಲಿರುವ 11 ತಿಂಗಳ ಕರಾರಿಗೆ ಕಾರಣ ಇದೇ. ಮೂರು ವರ್ಷಗಳ ಭೋಗ್ಯಕ್ಕೆ ದೊಡ್ಡ ಮೊತ್ತ ನೀಡಿ ಪತ್ರವನ್ನು ನೋಂದಾಯಿಸದಿದ್ದಲ್ಲಿ, ವಿವಾದ ಉಂಟಾದಾಗ ಗುತ್ತಿಗೆಯ ಷರತ್ತುಗಳಿಗೆ ಆ ಪತ್ರವನ್ನು ಸಾಕ್ಷ್ಯವಾಗಿ ಹಾಜರುಪಡಿಸಲಾಗದು. ಹಣ ನೀಡುವ ಮುನ್ನ ಋಣಭಾರ ಪತ್ರವನ್ನೂ ಪರಿಶೀಲಿಸಬೇಕು.

4. ಮುಂಗಡ ಹಣ
2001ರ ಡಿಸೆಂಬರ್ 31ರಿಂದ ಜಾರಿಗೆ ಬಂದ ಕರ್ನಾಟಕ ಬಾಡಿಗೆ ಅಧಿನಿಯಮ, 1999 ಬೆಂಗಳೂರಿನಲ್ಲಿ ಮಾಸಿಕ ರೂ. 3,500ಕ್ಕಿಂತ ಹೆಚ್ಚು ಬಾಡಿಗೆಯ ಮನೆಗಳಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ಇಂತಹ ಮನೆಗಳಿಗೆ ಕರಾರಿನ ಷರತ್ತುಗಳೇ ಮುಖ್ಯ ಆಧಾರ. ಮುಂಗಡವನ್ನು ಬ್ಯಾಂಕ್ ಮೂಲಕ ಪಾವತಿಸಿ, ಹಿಂದಿರುಗಿಸುವ ದಿನವನ್ನೂ ಬಣ್ಣ ಬಳಿಯಲು ಕಡಿತಗೊಳಿಸುವ ಮೊತ್ತವನ್ನೂ ಬರೆಸಿಕೊಳ್ಳಬೇಕು. ಮನೆ ಪ್ರವೇಶಿಸುವ ದಿನ ಗೋಡೆ, ನಲ್ಲಿ, ವಿದ್ಯುತ್ ಉಪಕರಣಗಳ ಛಾಯಾಚಿತ್ರ ತೆಗೆದಿಟ್ಟುಕೊಳ್ಳುವುದು ಒಳಿತು.

5. ಮನೆ ತೆರವು
ಕರಾರಿನಲ್ಲಿ ಬೇರೆ ರೀತಿ ಇಲ್ಲದಿದ್ದಲ್ಲಿ, ಸ್ವತ್ತು ವರ್ಗಾವಣೆ ಅಧಿನಿಯಮ, 1882ರ 106ನೇ ಪ್ರಕರಣದಂತೆ ಮಾಸಿಕ ಬಾಡಿಗೆಯನ್ನು ಕೊನೆಗೊಳಿಸಲು 15 ದಿನಗಳ ಲಿಖಿತ ನೋಟೀಸು ಅವಶ್ಯ. ಕಾನೂನು ಕ್ರಮವಿಲ್ಲದೆ ಬಲವಂತವಾಗಿ ಹೊರಹಾಕಲ್ಪಟ್ಟವರು 6 ತಿಂಗಳೊಳಗೆ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿ ಸ್ವಾಧೀನವನ್ನು ಮರಳಿ ಕೋರಬಹುದು.

ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು ಸೇರಿದಂತೆ ಅರ್ಹರು ತಾಲ್ಲೂಕು ಕಾನೂನು ಸೇವೆಗಳ ಸಮಿತಿಯಿಂದ ಉಚಿತ ಕಾನೂನು ನೆರವು ಪಡೆಯಬಹುದಾಗಿದೆ. ಸಹಿ ಮಾಡಿದ ಕರಾರಿನ ಒಂದು ಪ್ರತಿಯನ್ನು ತಪ್ಪದೆ ತಮ್ಮ ಬಳಿ ಇಟ್ಟುಕೊಳ್ಳಲು ಸಾರ್ವಜನಿಕರನ್ನು ಕೋರಲಾಗಿದೆ.