ನಿಃಸ್ಫುರ: ಸಿರಾಗ್ರಂಥಿಯ ಒಂದು ವಿಶೇಷಣವನ್ನು ಕುರಿತು

ಕಾಲಿನ ನರಗಳು ಉಬ್ಬಿ, ಸೊಟ್ಟಗಾಗಿ, ಗಂಟುಗಟ್ಟುವ ವೆರಿಕೋಸ್ ವೇನ್ಸ್ ರೋಗವನ್ನು ಸುಶ್ರುತನು ‘ಸಿರಾಜಗ್ರಂಥಿ’ ಎಂಬ ಹೆಸರಿನಲ್ಲಿ ವರ್ಣಿಸಿದ್ದಾನೆ ಎಂಬ ಮಾತನ್ನು ಈಗ ಹೆಚ್ಚಿನವರು ಪ್ರಶ್ನಿಸುವುದಿಲ್ಲ. ಆಯುರ್ವೇದದ ಸ್ನಾತಕೋತ್ತರ ಪ್ರಬಂಧಗಳ ಮೊದಲ ಅಧ್ಯಾಯದಲ್ಲಿ, ಚಿಕಿತ್ಸಾಲಯಗಳ ಕರಪತ್ರಗಳಲ್ಲಿ, ಶಸ್ತ್ರವೈದ್ಯದ ಚರಿತ್ರೆಗೆ ಕೈಹಾಕುವ ಅಲೋಪಥಿ ವೈದ್ಯರ ಪೀಠಿಕೆಗಳಲ್ಲಿ ಒಂದೇ ವಾಕ್ಯ ಅಲ್ಪಸ್ವಲ್ಪ ವೇಷ ಬದಲಿಸಿ ಬರುತ್ತಿರುತ್ತದೆ. ನಾನೂ ವರ್ಷಗಟ್ಟಲೆ ಅದನ್ನು ತರಗತಿಯಲ್ಲಿ ಹೇಳಿದವನೇ. ಕಳೆದ ವರ್ಷ ಮೌಲ್ಯಮಾಪನಕ್ಕೆ ಬಂದ ಪ್ರಬಂಧವೊಂದರಲ್ಲಿ, ಸುಶ್ರುತನು ಈ ಗ್ರಂಥಿಗೆ ಕಾರಣವಾಗಿ ಹೇಳಿದ ‘ವ್ಯಾಯಾಮ’ಕ್ಕೆ ‘ಬಹಳ ಹೊತ್ತು ನಿಂತೇ ಮಾಡುವ ಕೆಲಸ’ ಎಂದು ಅರ್ಥ ಬರೆದಿತ್ತು. ಆಧಾರವಾಗಿ ನಮ್ಮ ಹಿರಿಯ ವಿದ್ವಾಂಸರೊಬ್ಬರ ಪುಸ್ತಕದ ಉಲ್ಲೇಖವಿತ್ತು. ಮೂಲ ತೆಗೆದು ನೋಡಿದೆ. ಅಭ್ಯರ್ಥಿಯ ತಪ್ಪಿಲ್ಲ, ಹಿರಿಯರು ಹಾಗೆಯೇ ಬರೆದಿದ್ದಾರೆ. ಈ ಲೇಖನ ಹುಟ್ಟಿದ್ದು ಅಲ್ಲಿಂದ.

ನಿಲ್ಲುವುದನ್ನು ವ್ಯಾಯಾಮವೆಂದು ಯಾವ ನಿಘಂಟೂ ಹೇಳುವುದಿಲ್ಲ. ವ್ಯಾಯಾಮವೆಂದರೆ ದೇಹಕ್ಕೆ ಆಯಾಸ ತರುವ ಕ್ರಿಯೆ. ಬಸ್ ಕಂಡಕ್ಟರು, ಕ್ಷೌರಿಕ, ಸಂಚಾರಿ ಪೊಲೀಸ್, ಮೇಷ್ಟರು ಮುಂತಾದವರಲ್ಲಿ ಈ ರೋಗ ಹೆಚ್ಚು ಎಂಬ ಇಂದಿನ ತಿಳಿವಳಿಕೆಯನ್ನು ಮೊದಲೇ ಕೈಯಲ್ಲಿ ಹಿಡಿದುಕೊಂಡು ಹೋದದ್ದರಿಂದ ಹಿರಿಯರಿಗೆ ಆ ಪದದಲ್ಲಿ ನಿಲುವು ಕಂಡಿತು. ಹುಡುಕಿದ್ದನ್ನೇ ಇಟ್ಟು, ಇಟ್ಟದ್ದನ್ನೇ ಹುಡುಕಿ ತೆಗೆಯುವ ಈ ಪದ್ಧತಿ ನಮ್ಮ ವೈದ್ಯಚರಿತ್ರೆಗೆ ಹೊಸದಲ್ಲ. (ಅವರ ಬಗ್ಗೆ ನನಗಿರುವ ಗೌರವಕ್ಕೆ ಇದರಿಂದ ಕುಂದಿಲ್ಲ, ಅವರ ವಿಷವೈದ್ಯದ ಬರಹಗಳಿಗೆ ನಾನು ಋಣಿ.)

ಸುಶ್ರುತದ ನಿದಾನಸ್ಥಾನ, 11ನೇ ಅಧ್ಯಾಯ. ಗ್ರಂಥಿಗಳು ಅಲ್ಲಿ ಐದು: ವಾತ, ಪಿತ್ತ, ಕಫ, ಮೇದಸ್ಸು, ಸಿರೆ. ಐದನೆಯದನ್ನು ಕುರಿತು ಗ್ರಂಥ ಹೇಳುವುದಿಷ್ಟು. ದುರ್ಬಲನಾದವನು ಆಯಾಸಪಟ್ಟಾಗ ವಾಯುವು ಸಿರೆಗಳ ಬಲೆಯನ್ನು ಎಳೆದಾಡಿ, ಹಿಚುಕಿ, ಕುಗ್ಗಿಸಿ, ಒಣಗಿಸಿ, ಉಬ್ಬಿದ ದುಂಡನೆಯ ಗಂಟನ್ನು ಬೇಗನೆ ಉಂಟುಮಾಡುತ್ತದೆ. ನೋವಿದ್ದು ಚಲಿಸುವಂತಿದ್ದರೆ ಕಷ್ಟಸಾಧ್ಯ. ನೋವಿಲ್ಲದೆ, ಅಲುಗದೆ, ದೊಡ್ಡದಾಗಿದ್ದು ಮರ್ಮದಲ್ಲಿ ಎದ್ದಿದ್ದರೆ ವೈದ್ಯ ಬಿಟ್ಟುಬಿಡಬೇಕು.

ಇಲ್ಲಿ ಕಾಲೆಲ್ಲಿದೆ? ಎಲ್ಲೂ ಇಲ್ಲ. ಹಾವಿನಂತೆ ಹರಿದ ನೀಲಿ ನಾಳವೂ ಇಲ್ಲ. ಇರುವುದು ದುಂಡನೆಯ ಗಂಟು. ‘ಕುಗ್ಗಿಸಿ, ಒಣಗಿಸಿ’ ಎಂಬ ಎರಡು ಕ್ರಿಯೆಗಳಂತೂ ವೆರಿಕೋಸ್ ವೇನ್ಸಿಗೆ ನೇರ ವಿರೋಧಿಗಳು. ಈ ರೋಗದಲ್ಲಿ ನಾಳ ಕುಗ್ಗುವುದಿಲ್ಲ, ಹಿಗ್ಗುತ್ತದೆ. ಒಣಗುವುದಿಲ್ಲ, ರಕ್ತ ತುಂಬಿ ನಿಲ್ಲುತ್ತದೆ. ಇವುಗಳಿಗೆ ಉತ್ತರ ಹೇಳದೆ ಸಮೀಕರಣ ಬರೆದವರೇ ಹೆಚ್ಚು. ‘ಚಲ’ ಎಂದರೆ ಮಿಡಿಯುವುದು ಎಂದು ಹಿಡಿದು, ಇದು ಅಪಧಮನಿ ಉಬ್ಬುವ ಅನ್ಯೂರಿಸಂ ಎಂದವರೂ ಇದ್ದಾರೆ. ಅವರನ್ನು ಮೂಢರೆನ್ನಲಾಗದು. ಸುಶ್ರುತವೊಂದನ್ನೇ ಓದಿದರೆ ಆ ಅರ್ಥವೂ ನಿಲ್ಲುತ್ತದೆ.

ಇನ್ನು ‘ಸಿರಾ’ ಎಂಬುದನ್ನು ‘ವೇನ್’ ಎಂದು ತಿರುಗಿಸುವ ಅವಸರ. ಶಾರೀರಸ್ಥಾನದ ಲೆಕ್ಕದಲ್ಲಿ ಸಿರೆಗಳು 700. ಅವುಗಳಲ್ಲಿ ಕೈಕಾಲುಗಳಿಗೆ ಸೇರಿದವು 400. ಎಲ್ಲವೂ ನಾಭಿಯಿಂದ ಹೊರಟು ವಾತ, ಪಿತ್ತ, ಕಫ, ರಕ್ತಗಳನ್ನು ಹೊತ್ತೊಯ್ಯುತ್ತವೆ. ರಕ್ತ ಕಾಲಿನಿಂದ ಮೇಲಕ್ಕೆ ಮರಳುತ್ತದೆಂಬ ಕಲ್ಪನೆ ಅಲ್ಲಿಲ್ಲ. ಇರಬೇಕೆಂದು ಬಯಸುವುದೂ ಅನ್ಯಾಯ. ಅಭಿಧಮನಿಗಳ ಕವಾಟಗಳನ್ನು ಕುರಿತು ಫ್ಯಾಬ್ರಿಷಿಯಸ್ ಪಾದುವಾದಲ್ಲಿ ಪುಸ್ತಕ ಬರೆದದ್ದು 1603ರಲ್ಲಿ, ಅವನ ಶಿಷ್ಯ ಹಾರ್ವೆ ಅವುಗಳ ನಿಜವಾದ ಕೆಲಸವನ್ನು ಹೇಳಿದ್ದು 1628ರಲ್ಲಿ. ನಮ್ಮ ಕನ್ನಡದ ‘ನರ’ವನ್ನೇ ನೋಡಿ. ಸೂಜಿ ಚುಚ್ಚುವ ನರ್ಸು ‘ನರ ಸಿಗ್ತಿಲ್ಲ’ ಅನ್ನುತ್ತಾಳೆ, ಸೊಂಟ ಹಿಡಿದವನು ‘ನರ ಎಳೀತಿದೆ’ ಅನ್ನುತ್ತಾನೆ, ‘ನರದೌರ್ಬಲ್ಯ’ದ ಜಾಹೀರಾತು ಬೇರೆಯೇ. ‘ನರ’ ಎಂಬುದನ್ನು ಎಲ್ಲೆಡೆ ಅಭಿಧಮನಿ ಎಂದು ಅನುವಾದಿಸಿದರೆ ಆಗುವ ಅವಾಂತರವೇ ಸಿರೆಗೂ ಆಗಿದೆ.

ಹಾಗಾದರೆ ಸಮೀಕರಣ ಪೂರ್ತಿ ಸುಳ್ಳೇ? ನನ್ನ ಗುರುಗಳು ಸುಶ್ರುತವನ್ನು ಮೇಜಿನ ಮೇಲೆ, ವಾಗ್ಭಟನ ಅಷ್ಟಾಂಗಹೃದಯವನ್ನು ದಿಂಬಿನ ಪಕ್ಕದಲ್ಲಿ ಇಟ್ಟುಕೊಂಡವರು. ಅನುಮಾನ ಬಂದಾಗ ವಾಗ್ಭಟನನ್ನು ಕೇಳು ಅನ್ನುತ್ತಿದ್ದರು. ಈ ವಿಷಯದಲ್ಲಿ ಕೇಳುವುದಕ್ಕೆ ನಾನು ತಡಮಾಡಿದೆ.

ಉತ್ತರಸ್ಥಾನದ 29ನೇ ಅಧ್ಯಾಯದಲ್ಲಿ ವಾಗ್ಭಟನು ಗ್ರಂಥಿಗಳನ್ನು ಒಂಬತ್ತಕ್ಕೆ ಏರಿಸುತ್ತಾನೆ. ಸಿರಾಗ್ರಂಥಿಯ ಭಾಗಕ್ಕೆ ಬಂದಾಗ ಸುಶ್ರುತನ ಹಿಚುಕುವುದು, ಕುಗ್ಗಿಸುವುದು, ಒಣಗಿಸುವುದು ಮೂರನ್ನೂ ಉಳಿಸಿಕೊಂಡು ಐದು ಹೊಸ ಸಂಗತಿಗಳನ್ನು ಸೇರಿಸುತ್ತಾನೆ. ರೋಗಿ ‘ಪದಾತಿ’. ಕಾರಣಗಳಲ್ಲಿ ಒಂದು, ತಟ್ಟನೆ ನೀರಿಗಿಳಿಯುವುದು. ಸಿರಾಜಾಲ ‘ರಕ್ತಸಹಿತ’ವಾದದ್ದು. ವಾಯು ಅದನ್ನು ‘ವಕ್ರ’ಗೊಳಿಸುತ್ತದೆ. ಹುಟ್ಟುವ ಗಂಟು ‘ನಿಃಸ್ಫುರ’, ಜೊತೆಗೆ ನೋವಿಲ್ಲದ್ದು.

ಇವುಗಳಲ್ಲಿ ನಿಃಸ್ಫುರವೇ ನನಗೆ ಮುಖ್ಯ. ಸ್ಫುರಣವೆಂದರೆ ಮಿಡಿತ, ಅದುರು. ಇಲ್ಲದ ಲಕ್ಷಣವೊಂದನ್ನು ಗ್ರಂಥಕಾರ ಹೆಸರಿಸಿ ಇಲ್ಲವೆನ್ನುವುದು ಯಾವಾಗ? ಆ ಲಕ್ಷಣವಿರುವ ಮತ್ತೊಂದು ಗಂಟನ್ನು ಅವನು ಕಂಡಿದ್ದು, ಎರಡನ್ನೂ ಬೇರ್ಪಡಿಸಬೇಕಾದಾಗ. ಸಿರೆಯ ಗಂಟಿನ ಮೇಲೆ ಬೆರಳಿಟ್ಟು ಮಿಡಿತ ಹುಡುಕಿದ ಕೈಯೊಂದು ಈ ವಿಶೇಷಣದ ಹಿಂದಿದೆ. ಅನ್ಯೂರಿಸಂ ಪಕ್ಷ ವಾಗ್ಭಟನ ಮಟ್ಟಿಗೆ ಇಲ್ಲಿಗೆ ಮುಗಿಯಿತು. ಛಂದಸ್ಸು ತುಂಬಲು ಹಾಕಿದ ಪದವಿರಬಹುದೆಂದು ಮಿತ್ರರೊಬ್ಬರು ಆಕ್ಷೇಪಿಸಿದರು. ಒಂದೊಂದು ಪದವನ್ನೂ ತೂಗಿ ಇಡುವ ವಾಗ್ಭಟನ ಬಗ್ಗೆ ಈ ಮಾತಾಡುವವರು ಅವನನ್ನು ಒಂದು ಅಧ್ಯಾಯವಾದರೂ ಪೂರ್ತಿ ಓದಲಿ.

‘ಪದಾತಿ’ ಗಂಟನ್ನು ಕಾಲಿನ ಕಡೆಗೆ ತರುತ್ತದೆ, ನಿಜ. ಆದರೆ ಪದಾತಿ ನಡೆಯುವವನು, ಕಾಲಾಳು, ನಿಂತವನಲ್ಲ. ವೆರಿಕೋಸ್ ವೇನ್ಸಿನಲ್ಲಿ ನಡಿಗೆ ಶತ್ರುವಲ್ಲ, ಮಿತ್ರ. ಅಲುಗದೆ ನಿಂತಾಗ ಕಣಕಾಲಿನ ಅಭಿಧಮನಿಯಲ್ಲಿ ಸುಮಾರು 90 ಮಿಲಿಮೀಟರು ಪಾದರಸದಷ್ಟಿರುವ ಒತ್ತಡ, ನಡೆದಾಗ ಮೀನಖಂಡದ ಸ್ನಾಯು ರಕ್ತವನ್ನು ಮೇಲೊತ್ತುವುದರಿಂದ 30ಕ್ಕೂ ಕೆಳಗಿಳಿಯುತ್ತದೆ. ಕವಾಟ ಕೆಟ್ಟವರಲ್ಲಿ ಅಷ್ಟು ಇಳಿಯುವುದಿಲ್ಲ, ರೋಗವಿರುವುದೇ ಅಲ್ಲಿ. ಇಂದು ವೈದ್ಯರು ಬಿಗಿ ಕಾಲುಚೀಲ ಹಾಕಿಸಿ ನಡೆಯಿರಿ ಎನ್ನುವುದೂ ಇದಕ್ಕೇ. ಆದ್ದರಿಂದ ಪದಾತಿಯನ್ನು ತೋರಿಸಿ ವಾಗ್ಭಟನಿಗೆ ರೋಗಕಾರಣ ಗೊತ್ತಿತ್ತೆಂದು ಬೀಗುವುದಕ್ಕೆ ನಾನು ಸಿದ್ಧನಿಲ್ಲ.

ನನ್ನ ಊಹೆ ಬೇರೆ. ಉಬ್ಬಿದ ಅಭಿಧಮನಿಯಲ್ಲಿ ಕೆಲವೊಮ್ಮೆ ರಕ್ತ ಹೆಪ್ಪುಗಟ್ಟುತ್ತದೆ. ಮೊದಲು ಕೆಂಪಗೆ, ಮುಟ್ಟಲಾಗದಷ್ಟು ನೋವು. ಕೆಲ ವಾರಗಳಲ್ಲಿ ನೋವು ಇಳಿದು, ನಾಳ ಕುಗ್ಗಿ, ಚರ್ಮದಡಿ ಗಟ್ಟಿ ಗಂಟು ಉಳಿಯುತ್ತದೆ. ರಕ್ತಸಹಿತ, ವಕ್ರ, ಸಂಕುಚಿತ, ಒಣಗಿದ, ಮಿಡಿಯದ, ನೋವಿಲ್ಲದ ಗಂಟು. ವಾಗ್ಭಟನ ಅಷ್ಟೂ ವಿಶೇಷಣಗಳು ಒಂದೂ ಎಳೆದಾಡದೆ ಕೂರುವ ಸ್ಥಿತಿ ಇದೊಂದೇ ಎಂದು ನನಗೆ ತೋರುತ್ತದೆ. ಸುಶ್ರುತನ ‘ಬೇಗನೆ’ ಎಂಬ ಮಾತೂ, ನೋವಿರುವ ಮತ್ತು ನೋವಿಲ್ಲದ ಎರಡು ಅವಸ್ಥೆಗಳೂ ಆಗ ಅರ್ಥವಾಗುತ್ತವೆ. ವರ್ಷಗಳ ಕಾಲ ಬೆಳೆಯುವ ವೆರಿಕೋಸ್ ವೇನ್ಸಿಗೆ ‘ಬೇಗನೆ’ ಹೇಗೆ ಹೊಂದೀತು? ಅಂದರೆ ಸಿರಾಗ್ರಂಥಿಯು ಇಡೀ ರೋಗದ ಹೆಸರಲ್ಲ, ಅದರ ಒಂದು ಉಪದ್ರವದ ಹೆಸರು.

ಚಿಕಿತ್ಸೆಯೂ ಇದಕ್ಕೆ ಒದಗುತ್ತದೆ. ವಾಗ್ಭಟನು 30ನೇ ಅಧ್ಯಾಯದಲ್ಲಿ, ಗಂಟು ‘ಹೊಸದು’ ಇರುವಾಗ, ಸಹಚರ ತೈಲವನ್ನು ಕುಡಿಸಿ, ವಾತಹರ ದ್ರವ್ಯಗಳ ಉಪನಾಹ ಕಟ್ಟಿ, ಬಸ್ತಿ ಮತ್ತು ಸಿರಾವ್ಯಧ (ಸಿರೆ ಚುಚ್ಚಿ ರಕ್ತ ತೆಗೆಯುವುದು) ಮಾಡಲು ಹೇಳುತ್ತಾನೆ. ಸಹಚರವೆಂದರೆ ನಮ್ಮ ಗೋರಂಟೆ. ಕೊಯ್ದು ತೆಗೆಯುವ ಮಾತಿಲ್ಲ. ಸುಶ್ರುತನು ಉಬ್ಬಿದ ಸಿರೆಯನ್ನು ಕತ್ತರಿಸಿ ಸುಡುತ್ತಿದ್ದನೆಂದು ಬರೆಯುವವರು ಚಿಕಿತ್ಸಾಸ್ಥಾನದ 18ನೇ ಅಧ್ಯಾಯವನ್ನು ಮತ್ತೊಮ್ಮೆ ತೆರೆಯಬೇಕು. ಸೀಳಿ ಸುಡುವ ವಿಧಿ ಬರುವುದು ಕಫ ಮತ್ತು ಮೇದಸ್ಸಿನ ಗ್ರಂಥಿಗಳ ಪ್ರಕರಣದಲ್ಲಿ. ಕಾಲಿನ ಉಬ್ಬುನಾಳವನ್ನು ಕೊಯ್ಯುವ, ಸುಡುವ ಸ್ಪಷ್ಟ ವಿವರ ಬೇಕಾದವರು ಒಂದನೇ ಶತಮಾನದ ರೋಮಿನ ಸೆಲ್ಸಸ್‌ನ ಏಳನೇ ಪುಸ್ತಕಕ್ಕೆ ಹೋಗಲಿ. ಅದನ್ನು ತಂದು ಸುಶ್ರುತನ ಕಾಶಿಯಲ್ಲಿ ಇಡುವುದು ಬೇಡ.

ಇಷ್ಟು ಸಮೃದ್ಧವಾದ ವಾಗ್ಭಟನ ಪಾಠ ಹಿಂದೆ ಬಿದ್ದದ್ದೇಕೆ? ರೋಗನಿದಾನಕ್ಕೆ ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಿದ್ದದ್ದು ಮಾಧವನಿದಾನವನ್ನು; ಮಾಧವಕರನು ಸಿರಾಜಗ್ರಂಥಿಗೆ ಸುಶ್ರುತನ ಪಾಠವನ್ನೇ ಎತ್ತಿಕೊಂಡ. ಕಾಲಾಳು, ವಕ್ರತೆ, ನಿಃಸ್ಫುರತೆ ಎಲ್ಲ ಅಲ್ಲಿಗೆ ಬಿಟ್ಟುಹೋದವು. ಅಷ್ಟಾಂಗಹೃದಯವೇ ಮೂಲಗ್ರಂಥವಾಗಿ ಉಳಿದ ಕೇರಳದಲ್ಲಿ ಸಹಚರಾದಿ ತೈಲ ಕಾಲಿನ ನರಗಳ ಔಷಧವಾಗಿ ಚಾಲ್ತಿಯಲ್ಲಿದೆ. ಮಂಗಳೂರು, ಉಡುಪಿಯ ಅಂಗಡಿಗಳಿಗೂ ಬರುತ್ತದೆ. ವಾಗ್ಭಟನ ಪಾಠಕ್ಕೂ ಈ ಬಳಕೆಗೂ ಸಂಬಂಧವಿದೆಯೆಂಬುದು ನನ್ನ ಅನುಮಾನ, ಸಾಕ್ಷ್ಯವಲ್ಲ.

ಕರಾವಳಿ, ಮಲೆನಾಡಿನ ವೈದ್ಯ ಮನೆತನಗಳಲ್ಲಿ ಕನ್ನಡ ಟೀಕೆ ಸಹಿತವಾದ ಅಷ್ಟಾಂಗಹೃದಯದ ಓಲೆಗರಿಗಳಿದ್ದರೆ, ಉತ್ತರಸ್ಥಾನದ 29ನೇ ಅಧ್ಯಾಯವನ್ನು ದಯವಿಟ್ಟು ತೆರೆದು ನೋಡಿ. ‘ಪದಾತಿ’ ಮತ್ತು ‘ನಿಃಸ್ಫುರ’ ಎಂಬ ಪದಗಳಿಗೆ ಅಲ್ಲಿ ಯಾವ ಕನ್ನಡ ಮಾತು ಕೊಟ್ಟಿದೆ ಎಂಬುದನ್ನು ಬರೆದು ತಿಳಿಸಿದರೆ ಉಪಕಾರವಾಗುತ್ತದೆ. ನನ್ನ ಊಹೆಯನ್ನು ಉರುಳಿಸುವಂಥದ್ದಾದರೂ ಸರಿ.